ವಾಪಸ್ ಪಡೆದ ಸಾಕ್ಷಿ

ಬಾಗಲಕೋಟೆ ನವನಗರದ ಒಂದು ಸಣ್ಣ ಕನ್ನಡ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ನಡೆದ ಸಂಗತಿ ಇದು. ಇದರಲ್ಲಿ ಬರುವವರು ಹೈಸ್ಕೂಲಿನ ಗಣಿತ ಮಾಸ್ತರು. ಹೆಸರು ಬೇಡ, ಮಾಸ್ತರು ಅಂತಲೇ ಕರೆಯುತ್ತೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಅವರೂ ಅವರ ಮಗಳೂ ಓದಿ ಒಪ್ಪಿದ್ದಾರೆ. ಮಗಳು ಒಂದು ಕಡೆ ತಿದ್ದಿದಳು, ಅದನ್ನು ಮುಂದೆ ಹೇಳುತ್ತೇನೆ. ನಾನು ನಿವೃತ್ತ ನರ್ಸ್, ಅದೇ ಸಭೆಯ ಹಿರಿಯರಲ್ಲಿ ಒಬ್ಬಳು. ಹೊರಗೆ ನಿಂತು ನೋಡಿದವಳಲ್ಲ. ನನ್ನ ತಪ್ಪೂ ಇದರಲ್ಲಿದೆ.

ಮಾಸ್ತರ ಮನೆತನ ಗುಳೇದಗುಡ್ಡದ್ದು. ಜರ್ಮನ್-ಸ್ವಿಸ್ ಕ್ರೈಸ್ತ ಮಿಷನರಿಗಳಾದ ಬಾಸೆಲ್ ಮಿಷನ್‌ನವರು 1851ರಲ್ಲಿ ಅಲ್ಲಿಗೆ ಬಂದು ಕೆಲಸ ಶುರು ಮಾಡಿದರು. 1876–78ರ ಬರದಲ್ಲಿ ಈ ಸೀಮೆಯೆಲ್ಲ ಒಣಗಿ, ಜನ ದಾರಿಯಲ್ಲೇ ಸಾಯುತ್ತಿದ್ದಾಗ ಮಾಸ್ತರ ಮುತ್ತಜ್ಜ ಸಣ್ಣ ಹುಡುಗ. ಹಿಂದೆಮುಂದೆ ಯಾರೂ ಉಳಿಯಲಿಲ್ಲ, ಮಿಷನ್‌ನವರು ಸಾಕಿದರು ಅಂತ ಮನೆಯಲ್ಲಿ ಹೇಳುತ್ತ ಬಂದಿದ್ದಾರೆ. ಅಲ್ಲಿಂದ ನಾಲ್ಕು ತಲೆಮಾರು. ಮನೆಯಲ್ಲಿ ಖಣದ ಮಗ್ಗ ಇತ್ತು. ತಾಯಿ ಕಂಡಿಕೆ ಸುತ್ತುತ್ತ ಕೀರ್ತನೆ ಹಾಡುತ್ತಿದ್ದರು. "ನಮ್ಮ ಮನಿಯೊಳಗ ದೇವರ ಬಗ್ಗೆ ಯಾರೂ ವಾದ ಮಾಡ್ತಿದ್ದಿಲ್ರೀ ಅಕ್ಕಾರ. ಮಗ್ಗ ಇದ್ದಂಗ ದೇವರೂ ಇದ್ದ" ಅಂತ ಮಾಸ್ತರು ಒಮ್ಮೆ ಹೇಳಿದ್ದರು.

ಅದೇ ಮನೆಯ ಹೆಂಗಸರು ಹೆರಿಗೆಗೆ, ಜ್ವರಕ್ಕೆ ಬೆಟಗೇರಿಯ ಜರ್ಮನ್ ಆಸ್ಪತ್ರೆಗೆ ಹೋಗುತ್ತಿದ್ದರು. ಅದೂ ಬಾಸೆಲ್ ಮಿಷನ್‌ನವರೇ ಕಟ್ಟಿದ್ದು. ಅಂದರೆ ನಮ್ಮ ಹಿರಿಯರಿಗೆ ಪ್ರಾರ್ಥನೆ ಮತ್ತು ಔಷಧಿ ಎರಡೂ ಒಂದೇ ಕೈಯಿಂದ ಬಂದಿದ್ದವು. ಔಷಧಿ ತಗೊಂಡರೆ ನಂಬಿಕೆ ಕಡಿಮೆ ಅನ್ನುವ ಮಾತು ಅವರ ಕಿವಿಗೆ ಬಿದ್ದಿರಲೇ ಇಲ್ಲ. ನಡುವೆ ಎಲ್ಲಿಂದ ಬಂತೋ ಅದು. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ನಡೆದದ್ದು

2016ರಲ್ಲಿ ಮಾಸ್ತರ ಮನೆಯವರಿಗೆ, ಅಂದರೆ ಹೆಂಡತಿಗೆ, ಎದೆಯಲ್ಲಿ ಗಂಟು ಕಾಣಿಸಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. 21 ದಿನಕ್ಕೊಮ್ಮೆ ಕಿಮೋ, ಒಟ್ಟು 6 ಸಲ. ಆಮೇಲೆ ರೇಡಿಯೇಷನ್. ಅವರದು ಹಾರ್ಮೋನಿನಿಂದ ಬೆಳೆಯುವ ಜಾತಿಯ ಕ್ಯಾನ್ಸರ್. ಹಾಗಾಗಿ ದಿನಕ್ಕೊಂದು ಮಾತ್ರೆ, ಕನಿಷ್ಠ 5 ವರ್ಷ ತಪ್ಪಿಸಬಾರದು ಅಂತ ಡಾಕ್ಟರು ಹೇಳಿ ಕಳಿಸಿದರು. 2017ರ ಮಧ್ಯದಲ್ಲಿ ಮಾಡಿಸಿದ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಸಭೆಯಲ್ಲಿ ಎಲ್ಲರೂ ಸ್ತೋತ್ರ ಮಾಡಿದೆವು. ಮಾಡಲೇಬೇಕಾದದ್ದೇ ಅದು.

2018ರ ಜನವರಿಯಲ್ಲಿ ಊರಲ್ಲಿ ಮೂರು ದಿನದ ಉಜ್ಜೀವನ ಕೂಟ ಇಟ್ಟರು. ಹೊರಗಿನಿಂದ ಒಬ್ಬ ಪ್ರಸಂಗಿ ಬಂದಿದ್ದರು. ಎರಡನೇ ದಿನ ಮಾಸ್ತರನ್ನು ವೇದಿಕೆಗೆ ಕರೆದು ಸಾಕ್ಷಿ ಹೇಳಿಸಿದರು. ದೇವರು ತಮಗೆ ಮಾಡಿದ್ದನ್ನು ಜನರ ಮುಂದೆ ಹೇಳುವುದಕ್ಕೆ ನಾವು ಸಾಕ್ಷಿ ಅನ್ನುತ್ತೇವೆ. ಮಾಸ್ತರು ಮೊದಲು ಹೇಳಿದ್ದು, "ಸ್ಕ್ಯಾನ್‌ನಲ್ಲಿ ಈಗ ಏನೂ ಇಲ್ಲ" ಅಂತ. ಪ್ರಸಂಗಿ ಮೈಕ್ ತಗೊಂಡು, "ಈಗ ಅಂದ್ರೇನು? ಪೂರ್ತಿ ಗುಣ ಆಗಿದೆ ಅಂತ ನಂಬಿಕೆಯಿಂದ ಹೇಳಿ" ಅಂದರು. ಮಾಸ್ತರು ಹೇಳಿದರು. ಚಪ್ಪಾಳೆ ಬಿತ್ತು. ಎರಡನೇ ಸಾಲಿನಲ್ಲಿ ಕೂತು ನಾನೂ ಚಪ್ಪಾಳೆ ತಟ್ಟಿದೆ. ಕ್ಯಾನ್ಸರ್ ರೋಗಿಯ ಒಂದು ಸ್ಕ್ಯಾನ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದು ಆ ಕೂಟದಲ್ಲಿ ಬೇರೆ ಯಾರಿಗಿಂತ ನನಗೆ ಜಾಸ್ತಿ ಗೊತ್ತಿತ್ತು.

ಮೂರನೇ ದಿನ ಆ ಪ್ರಸಂಗಿ ಇನ್ನೊಂದು ಮಾತು ಹೇಳಿದರು. ಗುಣವಾದ ಮೇಲೂ ಮಾತ್ರೆ ನುಂಗುವುದು ದೇವರ ಮೇಲೆ ಅನುಮಾನ ಪಟ್ಟ ಹಾಗೆ ಅಂತ. ಆ ವಾರವೇ ಮಾಸ್ತರ ಮನೆಯವರು ಮಾತ್ರೆ ಬಿಟ್ಟರು. ನನಗೆ ತಿಳಿದದ್ದು ಒಂದು ತಿಂಗಳ ಮೇಲೆ, ಮಹಿಳಾ ಕೂಟದಲ್ಲಿ. "ಡಾಕ್ಟರ ಹತ್ರ ಒಂದ್ಸಲ ಕೇಳಿ ನೋಡವಾ" ಅಂದೆ. ಅಷ್ಟೇ. ಕೈ ಹಿಡಿದು, ಮನೆಗೆ ಹೋಗಿ, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಬೇಕಿತ್ತು. ಸಭೆಯ ಸಂತೋಷಕ್ಕೆ ಕಲ್ಲು ಹಾಕಿದ ಹಾಗಾಗುತ್ತದೆ ಅಂತ ಸುಮ್ಮನಾದೆ.

2019ರ ಆಗಸ್ಟ್ ಯಾರಿಗೂ ಮರೆಯುವುದಿಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಉಕ್ಕಿದವು. ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತಿತ್ತು. ಅದೇ ವಾರ ಮಾಸ್ತರ ಮನೆಯವರಿಗೆ ಬೆನ್ನು ನೋವು ತಡೆಯಲಾರದಷ್ಟಾಯಿತು. ಮಲಪ್ರಭೆ ಉಕ್ಕಿ ಹುಬ್ಬಳ್ಳಿ ರಸ್ತೆ ಬಂದ್. ದಾರಿ ಬಿಟ್ಟ ಮೇಲೆ ಕರೆದೊಯ್ದರು. ಬೆನ್ನುಮೂಳೆಗೆ ಹರಡಿತ್ತು. 2020ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಮಗಳಿಗೆ ಆಗ 16.

ಮುಂದಿನ ತಿಂಗಳು ಲಾಕ್‌ಡೌನ್. ಚರ್ಚ್ ಬಾಗಿಲು ಮುಚ್ಚಿತು. ಆ ವರ್ಷದ ಈಸ್ಟರ್ ಆರಾಧನೆಯೂ ನಡೆಯಲಿಲ್ಲ. ಬಾಗಿಲು ಮತ್ತೆ ತೆಗೆದಾಗ ಮಾಸ್ತರು ಬರಲಿಲ್ಲ. ಕೊರೊನಾ ಹೆದರಿಕೆ ಇರಬೇಕು ಅಂದುಕೊಂಡೆವು. ಹಾಗೆ ಅಂದುಕೊಳ್ಳುವುದು ನಮಗೆ ಸುಲಭವಾಗಿತ್ತು. ಒಂದೂವರೆ ವರ್ಷ ಹೀಗೇ ಕಳೆಯಿತು.

ನಾನು ತಪ್ಪು ಪ್ರಶ್ನೆಗೆ ಉತ್ತರ ಕೊಟ್ಟದ್ದು

2021ರ ಕೊನೆಯಲ್ಲಿ ನಮ್ಮ ಸಭೆಯ ಪಾದ್ರಿ ಅಯ್ಯನವರು ನನ್ನನ್ನು ಅವರ ಮನೆಗೆ ಕಳಿಸಿದರು. ಮಾಸ್ತರು ಚಹಾ ಕೊಟ್ಟರು, ಮರ್ಯಾದೆಯಿಂದ ಮಾತಾಡಿದರು. ಕೊನೆಗೆ, "ಅಕ್ಕಾರ, ದೇವರು ಅನ್ನಾವ ಇಲ್ಲ. ಇಷ್ಟ ದಿವಸ ಸುಮ್ನ ನಂಬಿದ್ವಿ" ಅಂದರು.

ನಾನು ಆ ಮಾತನ್ನು ಅದು ಇದ್ದ ಹಾಗೇ ತಗೊಂಡೆ. ಗಣಿತದ ಮನುಷ್ಯ, ತರ್ಕ ಕೇಳುತ್ತಾರೆ ಅಂದುಕೊಂಡೆ. ಸೃಷ್ಟಿಯ ಲೆಕ್ಕಾಚಾರ, ಪುನರುತ್ಥಾನಕ್ಕೆ ಏನು ಆಧಾರ, ಎಲ್ಲ ಓದಿಕೊಂಡು ಹೋದೆ. ಮೂರು ನಾಲ್ಕು ಸಲ ಹೋಗಿರಬೇಕು. ಅವರು ತಲೆ ಅಲ್ಲಾಡಿಸುತ್ತಿದ್ದರು. ಒಂದು ವಾದಕ್ಕೂ ಎದುರಾಡಲಿಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು. ದೇವರಿದ್ದಾನೋ ಇಲ್ಲವೋ ಅನ್ನುವುದು ನಿಜವಾಗಿ ಕಾಡುತ್ತಿದ್ದರೆ ಗಣಿತ ಮಾಸ್ತರು ಸುಮ್ಮನೆ ಬಿಡುತ್ತಿದ್ದರೇ?

ಒಮ್ಮೆ ಮಾರ್ಕನ ಸುವಾರ್ತೆಯ 9ನೇ ಅಧ್ಯಾಯ ಓದಿದೆ. ಕಾಯಿಲೆಯ ಮಗನನ್ನು ಕರೆತಂದ ತಂದೆ, ನಂಬುತ್ತೇನೆ ಅಂತಲೂ ಹೇಳುತ್ತಾನೆ, ಅದೇ ಉಸಿರಿನಲ್ಲಿ ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತಲೂ ಕೂಗುತ್ತಾನೆ. ಯೇಸು ಅವನನ್ನು ಬೈಯಲಿಲ್ಲ, ನೋಡಿ ಮಾಸ್ತರ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರ ಅವನ ಮಗ ಉಳಿದ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಚಹಾ ಆರಿಹೋಯಿತು. ಎದ್ದು ಬಂದೆ.

ಆಮೇಲೆ ಐದಾರು ತಿಂಗಳು ನಾನು ಹೋಗಲಿಲ್ಲ. ಕರೆದದ್ದು ಅವರೇ.

ಮಗಳು ಭಾನುವಾರ ತಪ್ಪದೆ ಚರ್ಚಿಗೆ ಬರುತ್ತಿದ್ದಳು. ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದ್ದಾಳೆ: "ಅಪ್ಪಾ, ಅವ್ವಗ ನಂಬಿಕಿ ಕಡಿಮಿ ಇತ್ತೇನು? ಅದಕ್ಕ ಹೋದ್ಲೇನು?"

ಇದರಲ್ಲಿ ಹುಡುಗಿಯ ತಪ್ಪೇನೂ ಇಲ್ಲ. ನಂಬಿಕೆ ಇದ್ದವರು ಗುಣವಾಗುತ್ತಾರೆ ಅಂತ ವೇದಿಕೆಯ ಮೇಲಿಂದ ಹೇಳಿಕೊಟ್ಟರೆ, ಗುಣವಾಗದವರ ಬಗ್ಗೆ ಮಕ್ಕಳು ಈ ಲೆಕ್ಕಕ್ಕೇ ಬರುತ್ತಾರೆ. ಆ ರಾತ್ರಿ 11 ಗಂಟೆಗೆ ಮಾಸ್ತರು ಫೋನ್ ಮಾಡಿದರು. "ಅಕ್ಕಾರ, ಆಕಿಗೆ ಏನ್ ಹೇಳಲಿ? ಬೈಬಲ್‌ನಾಗ ಏನೈತಿ, ಅದನ್ನಷ್ಟ ಹೇಳ್ರಿ. ಬ್ಯಾರೆ ಏನೂ ಬ್ಯಾಡ."

ನಾಲ್ಕು ಹೆಸರು

ಗುರುವಾರ ಸಂಜೆ ಕೂರಲು ಶುರು ಮಾಡಿದೆವು. ಮಾಸ್ತರು, ಮಗಳು, ನಾನು. ಈ ಸಲ ನಾನು ಏನನ್ನೂ ಸಾಬೀತು ಮಾಡಲು ಹೋಗಲಿಲ್ಲ. ಕೈಯಲ್ಲಿ ಒಂದೇ ಪ್ರಶ್ನೆ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ನಂಬಿಕೆ ಇದ್ದೂ ಕಾಯಿಲೆ ಬಿದ್ದವರು, ವಾಸಿಯಾಗದವರು ಇದ್ದಾರಾ?

ಮಾಸ್ತರು ಒಂದು ಲೆಕ್ಕದ ನೋಟ್‌ಬುಕ್ ತೆಗೆದರು. ಮೊದಲ ಪುಟದಲ್ಲಿ ಆ ಪ್ರಸಂಗಿಯ ಮಾತನ್ನು ಪ್ರಮೇಯದ ಹಾಗೆ ಬರೆದರು: ನಂಬಿಕೆ ಉಳ್ಳವರೆಲ್ಲರೂ ಗುಣವಾಗುತ್ತಾರೆ. ಅದರ ಕೆಳಗೆ, ಇದು ತಪ್ಪು ಅನ್ನಲು ಒಂದು ಪ್ರತಿ ಉದಾಹರಣೆ ಸಾಕು ಅಂತ ಬರೆದು ಗೆರೆ ಎಳೆದರು. ಮೂರು ವಾರದಲ್ಲಿ ನಾಲ್ಕು ಸಿಕ್ಕವು.

ಪೌಲ, ಹೊಸ ಒಡಂಬಡಿಕೆಯ ಎಷ್ಟೋ ಪತ್ರಗಳನ್ನು ಬರೆದ ಅಪೊಸ್ತಲ. ಶರೀರದಲ್ಲಿನ ಮುಳ್ಳನ್ನು ತೆಗೆ ಅಂತ ಮೂರು ಸಲ ಬೇಡಿಕೊಂಡ, ತೆಗೆಯಲಿಲ್ಲ. ಅದು 2 ಕೊರಿಂಥದ 12ನೇ ಅಧ್ಯಾಯದಲ್ಲಿದೆ. ತಿಮೊಥೆಯ. ಅವನಿಗೆ ಆಗಾಗ ಆರೋಗ್ಯ ಕೆಡುತ್ತಿತ್ತು. ಪೌಲ ಅವನಿಗೆ, ಹೊಟ್ಟೆಗಾಗಿ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದ. ಇನ್ನೂ ಜಾಸ್ತಿ ನಂಬು ಅಂತ ಬರೆಯಲಿಲ್ಲ. ಎಪಫ್ರೊದೀತ ಸಾಯುವಷ್ಟು ಕಾಯಿಲೆ ಬಿದ್ದ, ಆದರೆ ಉಳಿದ. ನಾಲ್ಕನೆಯವನು ತ್ರೊಫಿಮ. 2 ತಿಮೊಥೆಯದ ಕೊನೆಯಲ್ಲಿ ಅವನ ಬಗ್ಗೆ ಅರ್ಧ ವಾಕ್ಯ ಇದೆ, ಕಾಯಿಲೆಯಲ್ಲಿದ್ದ ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ ಅಂತ. ಎಷ್ಟೋ ರೋಗಿಗಳನ್ನು ವಾಸಿ ಮಾಡಿದ ಪೌಲನೇ ತನ್ನ ಜೊತೆಗಾರನನ್ನು ಕಾಯಿಲೆಯಲ್ಲೇ ಬಿಟ್ಟು ಮುಂದೆ ಹೋದ. ಮಾಸ್ತರು ಆ ಅರ್ಧ ವಾಕ್ಯವನ್ನು ನಾಲ್ಕು ಸಲ ಓದಿದರು.

ಎಪಫ್ರೊದೀತ ಗುಣವಾದನಲ್ಲ, ಅವನ ಹೆಸರು ಹೊಡೆದು ಹಾಕಿ ಅಂತ ಮಗಳು ವಾದ ಮಾಡಿದಳು. ಅವನಿಗೆ ಕಾಯಿಲೆ ಬಂದದ್ದು ನಂಬಿಕೆ ಇಲ್ಲದ್ದಕ್ಕೆ ಅಂತ ಎಲ್ಲಿಯೂ ಇಲ್ಲ, ಇರಲಿ ಬಿಡು ಅಂತ ಅಪ್ಪ ಉಳಿಸಿಕೊಂಡರು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಇಬ್ಬರೂ ಜೋರಾಗಿ ಮಾತಾಡಿದ್ದು ಅವತ್ತೇ.

ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅವ್ವನ ನಂಬಿಕೆ ಕಡಿಮೆ ಇರಲಿಲ್ಲ. ಆದರೆ ಮಾಸ್ತರ ಮುಖ ಹಗುರಾಗಲಿಲ್ಲ. ಪ್ರಸಂಗಿಯ ಮಾತು ತಪ್ಪು ಅಂತಾಯಿತು, ಅಷ್ಟೇ. ಒಂದು ತಪ್ಪು ಮಾತು ಉರುಳಿದರೆ ಆ ಜಾಗದಲ್ಲಿ ನಂಬಿಕೆ ತಾನಾಗಿ ಬಂದು ಕೂರುವುದಿಲ್ಲ. ಇಲ್ಲಿಗೆ ಮುಗಿಯಿತು ಅಂದುಕೊಂಡು ನಾವು ಎಷ್ಟೋ ಜನರನ್ನು ಕೈಬಿಡುತ್ತೇವೆ ಅಂತ ನನಗೆ ಈಗ ಅನ್ನಿಸುತ್ತದೆ.

ಅರ್ಧ

ಅದು 2022ರ ಡಿಸೆಂಬರ್. ಅವತ್ತು ಮಗಳು ಇರಲಿಲ್ಲ. ಮಾಸ್ತರು ನೋಟ್‌ಬುಕ್ ಮುಚ್ಚಿಟ್ಟು ಕೇಳಿದರು: "ಅಕ್ಕಾರ, ನೀವು ನರ್ಸ್ ಇದ್ದೋರು. ಖರೇ ಹೇಳ್ರಿ. ಗುಳಿಗಿ ಬಿಡಲಾರ್ದ ಇದ್ದಿದ್ರ ಆಕಿ ಉಳಿತಿದ್ಲೇನ್ರೀ?"

ಎರಡೂ ಮುಕ್ಕಾಲು ವರ್ಷದಿಂದ ಬಾಯಿಗೆ ಬಂದು ಒಳಗೇ ಹೋಗುತ್ತಿದ್ದ ಪ್ರಶ್ನೆ ಇದು ಅಂತ ನನಗೆ ಆ ಕ್ಷಣ ಗೊತ್ತಾಯಿತು. ದೇವರಿಲ್ಲ ಅಂದಾಗಲೂ ಅವರು ಇದನ್ನೇ ಮುಚ್ಚಿಟ್ಟು ಹೇಳಿದ್ದರು. ದೇವರಿಲ್ಲದಿದ್ದರೆ ಈ ಪ್ರಶ್ನೆಯನ್ನು ಅವರಿಗೆ ಕೇಳುವವರೂ ಇರುವುದಿಲ್ಲ.

"ನಿಮ್ಮದೇನೂ ತಪ್ಪಿಲ್ಲ ಮಾಸ್ತರ, ದೇವರ ಚಿತ್ತ" ಅನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ದುಃಖದ ಮನೆಯಲ್ಲಿ ನಾವೆಲ್ಲ ಹೇಳುವ ಮಾತೇ ಅದು. ಆದರೆ ಆ ಮನುಷ್ಯನಿಂದ ಒಮ್ಮೆ ಸುಳ್ಳು ಹೇಳಿಸಿ ಆಗಿತ್ತು. ಇನ್ನೊಂದು ಸುಳ್ಳನ್ನು ನಾನು ಹೇಳುವಂತಿರಲಿಲ್ಲ.

ನನಗೆ ತಿಳಿದಷ್ಟನ್ನು ಹೇಳಿದೆ. ಆ ಜಾತಿಯ ಕ್ಯಾನ್ಸರ್‌ನಲ್ಲಿ ಮಾತ್ರೆ ತಪ್ಪದೆ ತಗೊಂಡರೆ, ಆ ಮೊದಲ ವರ್ಷಗಳಲ್ಲಿ ಮತ್ತೆ ಬರುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸೊನ್ನೆ ಆಗುವುದಿಲ್ಲ. ಮಾತ್ರೆ ತಗೊಂಡೂ ಮತ್ತೆ ಬಂದವರಿದ್ದಾರೆ. ನಿಮ್ಮ ಮನೆಯವರು ಯಾವ ಅರ್ಧದಲ್ಲಿದ್ದರು ಅಂತ ಯಾವ ಡಾಕ್ಟರೂ ಹೇಳಲಾರ.

"ಅರ್ಧ" ಅಂದರು ಮಾಸ್ತರು. ಮತ್ತೆ, "ಅರ್ಧ ಸಣ್ಣದಲ್ರೀ ಅಕ್ಕಾರ."

"ಸಣ್ಣದಲ್ಲ" ಅಂದೆ. "ಅದರಾಗ ನಿಮ್ಮ ಪಾಲೈತಿ. ನನ್ನ ಪಾಲೂ ಐತಿ. ನನಗ ಗೊತ್ತಾಗಿತ್ತು ಮಾಸ್ತರ. ಒಂದು ತಿಂಗಳಿಗೇ ಗೊತ್ತಾಗಿತ್ತು. ನಾ ಬಂದು ಹೇಳಲಿಲ್ಲ."

ಅವರು ನನ್ನ ಮುಖ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ನ್ಯಾಯವೇ. ಅವರು ಅತ್ತರು. ಹೆಂಡತಿ ಹೋದಾಗಲೂ ಅತ್ತಿರದ ಮನುಷ್ಯ. ಆಮೇಲೆ ನಾವಿಬ್ಬರೂ ಪ್ರಾರ್ಥನೆ ಮಾಡಿದೆವು. ಸಾಂತ್ವನ ಬೇಡಲಿಲ್ಲ. ಚಿಕ್ಕವರಿದ್ದಾಗಿನಿಂದ ಆರಾಧನೆಯಲ್ಲಿ ಬಾಯಿಪಾಠವಾಗಿ ಹೇಳಿದ ಪಾಪದ ಅರಿಕೆ ಇದೆಯಲ್ಲ, ಅದನ್ನೇ ಹೇಳಿದೆವು. ಮಾಡಬಾರದ್ದನ್ನು ಮಾಡಿದೆವು, ಮಾಡಬೇಕಾದದ್ದನ್ನು ಮಾಡಲಿಲ್ಲ. 60 ವರ್ಷ ದಾಟಿದ ನನಗೆ ಆ ಮಾತಿನ ಭಾರ ಗೊತ್ತಾದದ್ದು ಅವತ್ತು.

ಇಲ್ಲೇ ಮಗಳು ತಿದ್ದಿದ್ದು. ನಾನು ಮೊದಲು ಬರೆದದ್ದು, ಗಂಡನ ಮಾತಿಗೆ ಅವರು ಮಾತ್ರೆ ಬಿಟ್ಟರು ಅಂತ. ಮಗಳು ಅದನ್ನು ಹೊಡೆದು ಹಾಕಿ ಬರೆದಳು: "ಅವ್ವ ಯಾರ ಮಾತಿಗೂ ಸುಮ್ನ ಗೋಣು ಹಾಕಾಕಿ ಅಲ್ಲ. ಆಕಿನ ಯೋಚನೆ ಮಾಡಿ ಬಿಟ್ಟಿದ್ಲು. ನಾನೂ ಅಲ್ಲೇ ಇದ್ದೆ." ಈ ಮಾತು ಇಲ್ಲಿ ಇರಬೇಕು. ಸತ್ತವರನ್ನು ನಾವು ಬಹಳ ಬೇಗ ಮೂಕರನ್ನಾಗಿ ಮಾಡಿಬಿಡುತ್ತೇವೆ.

ಅರಿಕೆ ಆದ ಮೇಲೆ ಏನನ್ನಿಸಿತು ಅಂತ ತಿಂಗಳ ಮೇಲೆ ಕೇಳಿದೆ. ಮಾಸ್ತರು ಯೋಚಿಸಿ ಹೇಳಿದರು: "ಕ್ಷಮಾ ಸಿಕ್ತು ಅಂತ ಇನ್ನೂ ಅನಿಸಿಲ್ಲ. ಆದ್ರ ಕೇಳಾವ ಒಬ್ಬಾವ ಅದಾನ ಅನಿಸ್ತು." ಅವರ ನಂಬಿಕೆ ವಾಪಸ್ ಬರಲು ಶುರುವಾದದ್ದು ಇಲ್ಲಿಂದ ಅಂತ ನನ್ನ ಲೆಕ್ಕ. ತಪ್ಪಿಲ್ಲ ಅಂತ ನಾನು ಸಮಾಧಾನ ಹೇಳಿ ಬಂದಿದ್ದರೆ ಅವರಿಗೆ ಕ್ಷಮೆ ಕೇಳುವ ದಾರಿಯೇ ಮುಚ್ಚುತ್ತಿತ್ತು.

ಸಭೆಯ ಮುಂದೆ

2023ರ ಬೇಸಿಗೆಯಲ್ಲಿ ಮಾಸ್ತರು ಒಂದು ಬೇಡಿಕೆ ಇಟ್ಟರು. ಜನರ ಮುಂದೆ ಕೊಟ್ಟ ಸಾಕ್ಷಿಯನ್ನು ಜನರ ಮುಂದೆಯೇ ವಾಪಸ್ ತಗೋಬೇಕು. ಅದಾಗದೆ ಕರ್ತನ ಭೋಜನಕ್ಕೆ, ಅಂದರೆ ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ತಗೊಳ್ಳುವುದಕ್ಕೆ, ಬರುವುದಿಲ್ಲ.

ಕಮಿಟಿಯಲ್ಲಿ ದೊಡ್ಡ ಮಾತುಕತೆ ಆಯಿತು. ಸಾಕ್ಷಿ ವಾಪಸ್ ಅಂದರೆ ದೇವರ ಹೆಸರಿಗೆ ಕೆಟ್ಟದ್ದು, ಹೊಸಬರು ಎಡವುತ್ತಾರೆ ಅಂತ ಇಬ್ಬರು ಹಿರಿಯರು ಬಲವಾಗಿ ವಿರೋಧಿಸಿದರು. ಅವರ ಭಯ ಸುಳ್ಳಲ್ಲ. ಆದರೆ ನಾನು ಬೈಬಲಿನ ಯೋಬನ ಪುಸ್ತಕದ ಕೊನೆಯನ್ನು ಓದಿ ತೋರಿಸಿದೆ. ಯೋಬ ತಪ್ಪಿಲ್ಲದೆ ಕಷ್ಟಕ್ಕೆ ಬಿದ್ದವನು. ಅಷ್ಟು ಅಧ್ಯಾಯ ದೇವರ ಪರವಾಗಿ ವಾದ ಮಾಡಿದ ಗೆಳೆಯರ ಮೇಲೆ ದೇವರು ಸಿಟ್ಟಾಗುತ್ತಾನೆ. ಕೂಗಾಡಿ, ಜಗಳವಾಡಿದ ಯೋಬನೇ ಸರಿಯಾಗಿ ಮಾತಾಡಿದ ಅನ್ನುತ್ತಾನೆ. ಸುಳ್ಳು ಹೇಳಿ ದೇವರ ಮಾನ ಕಾಯುವ ಕೆಲಸವನ್ನು ಅವನು ನಮಗೆ ಕೊಟ್ಟಿಲ್ಲ ಅಂದೆ. ಕೊನೆಗೆ ತೀರ್ಮಾನ ಮಾಡಿದ್ದು ನನ್ನ ಮಾತಲ್ಲ. ಅಯ್ಯನವರು ಎದ್ದು, "ಮೊದಲು ನಾನು ಅರಿಕೆ ಮಾಡಬೇಕು. ಆ ಕೂಟಕ್ಕೆ ಸಭೆಯ ಹೆಸರು ಕೊಟ್ಟವನು ನಾನು" ಅಂದರು.

ಆಗಸ್ಟ್‌ನ ಒಂದು ಭಾನುವಾರ ಹಾಗೇ ನಡೆಯಿತು. ಅಯ್ಯನವರು ಮೊದಲು, ನಾನು ಎರಡನೆಯವಳು. ಮಾತ್ರೆಯ ವಿಷಯ ಹೇಳುವಾಗ ನನ್ನ ಕಾಲು ನಡುಗುತ್ತಿತ್ತು. ಆಮೇಲೆ ಮಾಸ್ತರು. ಅವರು ಬರೆದುಕೊಂಡು ಬಂದಿದ್ದರು, ಅರ್ಧ ಪುಟ. ನನ್ನ ಹೆಂಡತಿ ಪೂರ್ತಿ ಗುಣ ಆದಳು ಅಂತ 2018ರಲ್ಲಿ ನಾನು ಹೇಳಿದ್ದು ನನಗೆ ಗೊತ್ತಿಲ್ಲದ ಮಾತು. ಗೊತ್ತಿಲ್ಲದ್ದನ್ನು ಗೊತ್ತು ಅಂತ ಹೇಳಿದೆ. ಅದನ್ನು ವಾಪಸ್ ತಗೋತೇನೆ. ಆಕೆ ಕಾಯಿಲೆಯಲ್ಲೇ ತೀರಿಕೊಂಡಳು. ಕೊನೆಯವರೆಗೆ ದೇವರ ಹೆಸರು ಹೇಳುತ್ತಿದ್ದಳು. ಇಷ್ಟು ನನಗೆ ಗೊತ್ತು. ಇದು ನನ್ನ ಸಾಕ್ಷಿ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದು ಬಂದು ಮಗಳ ತಲೆ ಮೇಲೆ ಕೈ ಇಟ್ಟರು. ಒಂದು ಕುಟುಂಬ ಮುಂದಿನ ವಾರದಿಂದ ಬೇರೆ ಸಭೆಗೆ ಹೋಯಿತು. ಅವರು ಇನ್ನೂ ವಾಪಸ್ ಬಂದಿಲ್ಲ. ಅದರ ನೋವು ನಮಗಿದೆ.

ಅವತ್ತೇ ಎಲ್ಲ ಸರಿಹೋಯಿತು ಅಂತ ಬರೆದರೆ ಅದೂ ಸುಳ್ಳು ಸಾಕ್ಷಿಯೇ. ಮಾಸ್ತರು ಭಾನುವಾರ ಬರತೊಡಗಿದರು. ಹಾಡುವಾಗ ಬಾಯಿ ತೆಗೆಯುತ್ತಿರಲಿಲ್ಲ. ಸ್ವಸ್ಥತೆಗಾಗಿ ಪ್ರಾರ್ಥನೆ ಶುರುವಾದರೆ ಎದ್ದು ಹೊರಗೆ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದರು. ಕೆಲವು ಸಲ ನಾನೂ ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದೆ. 2024ರ ಮಾರ್ಚ್ 31, ಈಸ್ಟರ್. ಆ ದಿನ ಮಗಳ ಜೊತೆ ಮುಂದೆ ಹೋಗಿ ಮೊಣಕಾಲೂರಿ ರೊಟ್ಟಿ ತಗೊಂಡರು. ನಾಲ್ಕು ವರ್ಷದ ಮೇಲೆ.

ಆ ಲೆಕ್ಕದ ನೋಟ್‌ಬುಕ್ ಇನ್ನೂ ಅವರ ಹತ್ತಿರ ಇದೆ. ಅದರ ಹಿಂದಿನ ಪುಟಗಳಲ್ಲಿ ಈಗ ಸಭೆಯ ಮೂವರು ಹೆಂಗಸರ ಮಾತ್ರೆಯ ಲೆಕ್ಕ ಇದೆ. ಎಂದು ಮುಗಿಯುತ್ತದೆ, ಎಂದು ಹುಬ್ಬಳ್ಳಿಗೆ ಹೋಗಬೇಕು, ಜೊತೆಗೆ ಯಾರು ಹೋಗುತ್ತಾರೆ. ಪ್ರಾರ್ಥನೆಯ ವಿನಂತಿಗಳ ಜೊತೆ ಇದನ್ನೂ ತಿಂಗಳಿಗೊಮ್ಮೆ ಓದುತ್ತಾರೆ. ಈಗ ಸ್ವಸ್ಥತೆಯ ಪ್ರಾರ್ಥನೆ ನಡೆಯುವಾಗ ಒಳಗೇ ಕೂರುತ್ತಾರೆ.

ಗುರುವಾರದ ಕೂಟ ನಿಂತಿಲ್ಲ. ಈಗ ಏಳೆಂಟು ಜನ ಆಗಿದ್ದೇವೆ. ಹೋದ ವಾರ ಎಲ್ಲರೂ ಎದ್ದ ಮೇಲೆ ಮಾಸ್ತರು ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದರು: "ಅಕ್ಕಾರ, ಪೌಲ ಹೋದ ಮ್ಯಾಲ ಆ ತ್ರೊಫಿಮನ್ನ ಮಿಲೇತದಾಗ ಯಾರು ನೋಡ್ಕೊಂಡಿರಬೇಕ್ರೀ?"

ಪೌಲ ಅದನ್ನು ಬರೆದಿಲ್ಲ ಅಂದೆ.

"ಯಾರೋ ಒಬ್ಬರು ಇರಬೇಕಲ್ರೀ" ಅಂದರು.